ಐದು ವರ್ಷ ತಪ್ಪು ಹೆಸರಿನಲ್ಲಿ ಬೆಳೆದ ಕಳ್ಳಿ

(ಧಾರವಾಡದಲ್ಲಿ ಕೈತೋಟದ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮೇಜಿನ ಮೇಲಿರುವ ಈ ತುಂಡನ್ನು ಮೊದಲು ನೋಡಿ. ಒಂದೂವರೆ ಗೇಣು ಉದ್ದ, ಮುಂಗೈಯಷ್ಟು ದಪ್ಪ, ತುದಿಯಿಂದ ಬುಡದವರೆಗೆ ಆರು ಏಣು. ಇದರ ಬಣ್ಣವನ್ನು ಹಸಿರು ಎನ್ನಲು ಬರುವುದಿಲ್ಲ. ಹಬ್ಬದ ಮುಂಚೆ ಸುಣ್ಣಕ್ಕೆ ತುಸು ನೀಲಿ ಬೆರೆಸಿ ಗೋಡೆಗೆ ಬಳಿಯುತ್ತಿದ್ದರಲ್ಲ, ಆ ಬಣ್ಣ. ದಯವಿಟ್ಟು ಮುಟ್ಟಬೇಡಿ. ಮುಳ್ಳು ಚುಚ್ಚೀತು ಎಂದು ಹೇಳುತ್ತಿಲ್ಲ. ಕಾರಣ ಬೇರೆ ಇದೆ, ಅದು ಮುಂದೆ ಬರುತ್ತದೆ.

ಇದರ ತಾಯಿಗಿಡ ಮಾಳಮಡ್ಡಿಯ ನಮ್ಮ ಮನೆಯ ಮಾಳಿಗೆಯ ಮೇಲಿದೆ. 2011ರಲ್ಲಿ ನಮ್ಮ ಓಣಿಯ ಬಾಡಿಗೆ ಮನೆಯವರೊಬ್ಬರು ವರ್ಗವಾಗಿ ಹೋಗುವಾಗ ಹಿತ್ತಲಿನಲ್ಲಿ ಬಿಟ್ಟುಹೋದ ಎಣ್ಣೆ ಡಬ್ಬಿಯಲ್ಲಿ ಅದು ಗೇಣುದ್ದದ ಹಸಿರು ಕಡ್ಡಿಯಾಗಿ ನಿಂತಿತ್ತು. ಡಬ್ಬಿಗೆ ಯಾರೂ ತೂತು ಕೊರೆದಿರಲಿಲ್ಲ. ತಳ ತುಕ್ಕು ಹಿಡಿದು ತಾನಾಗಿಯೇ ಜಾಳಾಗಿದ್ದರಿಂದ ಗಿಡ ಬದುಕಿತ್ತು ಎಂದು ಈಗ ನನಗೆ ತೋರುತ್ತದೆ. ಎರಡು ವರ್ಷ ಮಾಳಿಗೆಯ ಬಿಸಿಲಿನಲ್ಲಿ ನಿಂತ ಮೇಲೆ ಹೊಸ ಬೆಳವಣಿಗೆಗೆ ಈ ನೀಲಿ ಬಂತು. ಆಗ ಗಿಡವನ್ನು ಕಂಡ ಹವ್ಯಾಸಿಗಳೆಲ್ಲ ಒಂದೇ ಬಾಯಿಂದ ‘ಪೈಲೋಸೋಸೆರಿಯಸ್ ಅಜ್ಯೂರಿಯಸ್’ ಎಂದರು. ನೀಲಿ ಕಂಬದ ಕಳ್ಳಿ ಎಂದರೆ ಅದೊಂದೇ ಎಂಬ ನಂಬಿಕೆ ಆಗಲೂ ಇತ್ತು, ಈಗಲೂ ಇದೆ. ಬಣ್ಣ ನೋಡಿ ಗಿಡಕ್ಕೆ ಹೆಸರಿಡಬಾರದು ಎಂದು ತರಗತಿಯಲ್ಲಿ ವರ್ಷ ವರ್ಷವೂ ಹೇಳಿದ ನಾನು, ಆ ಹೆಸರನ್ನೇ ತಗಡಿನ ಚೀಟಿಯ ಮೇಲೆ ಬರೆದು ಕುಂಡಕ್ಕೆ ಸಿಕ್ಕಿಸಿದೆ. ಅದೇ ಹೆಸರಿನಲ್ಲಿ ಹನ್ನೊಂದು ಮನೆಗಳಿಗೆ ತುಂಡುಗಳನ್ನೂ ಕೊಟ್ಟೆ. 2018ರ ಮಾರ್ಚಿನಲ್ಲಿ ಗಿಡ ಹೂ ಬಿಟ್ಟಾಗ ಹೆಸರು ತಪ್ಪೆಂದು ತಿಳಿಯಿತು. ಹೂವಿಗಾಗಿ ಕಾಯದೆಯೇ ಅದು ನನಗೆ ತಿಳಿಯಬೇಕಾಗಿತ್ತು. ಯಾವ ಗುರುತುಗಳು ಕಣ್ಣೆದುರಿಗಿದ್ದವು, ಅವುಗಳನ್ನು ನಾನು ಹೇಗೆ ದಾಟಿ ಹೋದೆ ಎಂಬುದನ್ನೇ ಮೊದಲು ಹೇಳುತ್ತೇನೆ; ಬೆಳೆಸುವ ವಿಚಾರ ಆಮೇಲೆ.

ಕಂಬದಂತೆ ನಿಂತು ಮುಳ್ಳು ಬಿಟ್ಟದ್ದಕ್ಕೆಲ್ಲ ನಮ್ಮ ಮಾತಿನಲ್ಲಿ ಕಳ್ಳಿ ಎಂಬ ಒಂದೇ ಹೆಸರಿದೆ. ಆದರೆ ಹೊಲದ ಬದುವಿಗೆ ಬೇಲಿಯಾಗಿ ಹಚ್ಚುವ ಹಾಲುಗಳ್ಳಿ ಯುಫೋರ್ಬಿಯಾ ಕುಲದ್ದು, ಅಂದರೆ ಔಡಲ ಸೇರಿದ ಕುಟುಂಬದ್ದು. ಡಬ್ಬಗಳ್ಳಿಯಾದರೋ ಕ್ಯಾಕ್ಟಸ್ ಕುಟುಂಬದ್ದು, ಅಮೆರಿಕ ಖಂಡದಿಂದ ಬಂದದ್ದು. ಮರದ ಮೇಲೆ ಜೋತುಬಿದ್ದು ಬೆಳೆಯುವ ರಿಪ್ಸಾಲಿಸ್ ಎಂಬುದರ ಒಂದು ಜಾತಿ ಆಫ್ರಿಕ ಮತ್ತು ಶ್ರೀಲಂಕಾಗಳಲ್ಲಿಯೂ ತಾನಾಗಿ ಬೆಳೆಯುತ್ತದೆ. ಅದೊಂದನ್ನು ಬಿಟ್ಟರೆ ಕ್ಯಾಕ್ಟಸ್‌ಗಳೆಲ್ಲ ಅಮೆರಿಕದ ಗಿಡಗಳೇ. ಎರಡನ್ನೂ ಬೇರ್ಪಡಿಸಲು ಗೀರಿ ಹಾಲು ಬರುತ್ತದೆಯೇ ಎಂದು ನೋಡುವವರಿದ್ದಾರೆ. ಹಾಗೆ ಮಾಡಬೇಡಿ, ಯುಫೋರ್ಬಿಯಾದ ಹಾಲು ಕಣ್ಣಿಗೆ ಸಿಡಿದರೆ ದೊಡ್ಡ ಅಪಾಯ. ಅಲ್ಲದೆ ಮಾಮಿಲ್ಲೇರಿಯಾದಂಥ ಕೆಲವು ಕ್ಯಾಕ್ಟಸ್‌ಗಳಲ್ಲಿಯೂ ಹಾಲಿರುವುದರಿಂದ ಆ ಪರೀಕ್ಷೆ ಪೂರ್ತಿ ನಿಲ್ಲುವುದೂ ಇಲ್ಲ.

ನಿಲ್ಲುವ ಪರೀಕ್ಷೆ ಒಂದೇ. ಕ್ಯಾಕ್ಟಸ್‌ನಲ್ಲಿ ಮುಳ್ಳು ನೇರವಾಗಿ ಕಾಂಡದಿಂದ ಹೊರಡುವುದಿಲ್ಲ. ಏಣಿನ ಮೇಲೆ ಸಾಲಾಗಿ ಕುಳಿತ, ಸಣ್ಣ ನಯವಾದ ತುಪ್ಪಳದ ಗುಂಡು ಮೆತ್ತೆಯೊಂದರಿಂದ ಹೊರಡುತ್ತದೆ. ಶಾಸ್ತ್ರದಲ್ಲಿ ಅದಕ್ಕೆ ಅರಿಯೋಲ್ ಎನ್ನುತ್ತಾರೆ. ನಾನು ಮಕ್ಕಳಿಗೆ ಗಾದಿ ಎಂದು ಹೇಳಿಕೊಡುತ್ತಿದ್ದೆ. ಮುಳ್ಳು, ಹೂ, ಹೊಸ ಟೊಂಗೆ ಎಲ್ಲವೂ ಆ ಗಾದಿಯಿಂದಲೇ ಹುಟ್ಟುತ್ತವೆ. ಯುಫೋರ್ಬಿಯಾಕ್ಕೆ ಗಾದಿ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಕಿಸೆಯಲ್ಲಿದ್ದರೆ ಈ ಒಂದು ವಿಷಯದಲ್ಲಿ ಯಾರೂ ನಿಮಗೆ ಮೋಸ ಮಾಡಲಾರರು.

ಗುರುತು ತಪ್ಪುವುದು ನಮ್ಮಂಥವರ ರೋಗ ಮಾತ್ರವಲ್ಲ ಎಂಬುದಕ್ಕೆ ಇಲ್ಲಿ ಒಂದು ಮಾತು. ಡಬ್ಬಗಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಹುಳುವಿನಿಂದ ಬೆಲೆಬಾಳುವ ಕೆಂಪು ಬಣ್ಣ ತೆಗೆಯುತ್ತಾರೆ. ಆ ವ್ಯಾಪಾರದ ಆಸೆಯಿಂದ 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ಹುಳುವನ್ನು ತರಿಸಿದರು. ಬಂದದ್ದು ನಿಜವಾದ ಬಣ್ಣದ ಹುಳುವಲ್ಲ, ಅದರ ದಾಯಾದಿ. ಬಣ್ಣ ಕೈಗೆ ಹತ್ತಲಿಲ್ಲ, ಆದರೆ ಆ ಹುಳು ಎಲ್ಲೆಡೆ ಹಬ್ಬಿಕೊಂಡಿದ್ದ ಒಂದು ಜಾತಿಯ ಡಬ್ಬಗಳ್ಳಿಯನ್ನು ತಿಂದು ಒಣಗಿಸಿಬಿಟ್ಟಿತು. ಕೀಟವೊಂದನ್ನು ಬಿಟ್ಟು ಕಳೆಯನ್ನು ಹತೋಟಿಗೆ ತರಬಹುದು ಎಂಬುದಕ್ಕೆ ಜಗತ್ತಿನ ಮೊದಲ ನಿದರ್ಶನಗಳಲ್ಲಿ ಒಂದಾಗಿ ಇಂದಿಗೂ ಇದನ್ನೇ ಹೇಳುತ್ತಾರೆ. 1926ರಲ್ಲಿ ಇನ್ನೊಂದು ಜಾತಿಯ ಡಬ್ಬಗಳ್ಳಿಯ ಮೇಲೆ ಬಿಡಲು ಇನ್ನೊಂದು ದಾಯಾದಿ ಹುಳುವನ್ನು ಶ್ರೀಲಂಕಾದಿಂದ ಬೇಕೆಂದೇ ತರಿಸಿದರು. ಮೊದಲ ಸಲ ಅದು ತಪ್ಪಿನಿಂದ ಆದದ್ದು, ಅಷ್ಟೇ.

ಈಗ ನನ್ನ ಗಿಡಕ್ಕೆ ಬರುತ್ತೇನೆ. ಕಂಬದ ಕಳ್ಳಿಯಲ್ಲಿ ಎಣಿಸಬೇಕಾದ ಮೊದಲ ಲೆಕ್ಕ ಏಣುಗಳದು. ಹೀರೇಕಾಯಿಯನ್ನು ಅಡ್ಡಡ್ಡ ಹೆಚ್ಚಿದಾಗ ಬಿಲ್ಲೆಯ ಅಂಚಿನಲ್ಲಿ ಕಾಣುವ ಮೂಲೆಗಳನ್ನು ನೆನಪಿಸಿಕೊಳ್ಳಿ. ಹಾಗೆಯೇ ಈ ಕಂಬವನ್ನು ತುದಿಯ ಕಡೆಯಿಂದ ನೋಡಿ ಎಣಿಸಬೇಕು. ನನ್ನದರಲ್ಲಿ ಎಳೆಯ ಟೊಂಗೆಗಳಿಗೆ ಐದು, ಬಲಿತವಕ್ಕೆ ಆರು. ಇದೊಂದರಿಂದಲೇ ತೀರ್ಮಾನವಾಗುವುದಿಲ್ಲ, ಏಕೆಂದರೆ ಪೈಲೋಸೋಸೆರಿಯಸ್‌ನಲ್ಲಿಯೂ ಐದಾರು ಏಣುಗಳ ಗಿಡಗಳಿರುತ್ತವೆ. ಎರಡನೆಯದು ಗಾದಿಯ ಮೇಲಿನ ಕೂದಲು. ಪೈಲೋಸೋಸೆರಿಯಸ್ ಎಂಬ ಹೆಸರಿನ ಮೊದಲ ಭಾಗದ ಅರ್ಥವೇ ಕೂದಲುಳ್ಳದ್ದು ಎಂದು. ಈಶಾನ್ಯ ಬ್ರೆಜಿಲ್‌ನ ಪ್ಯಾಕಿಕ್ಲೇಡಸ್ ಎಂಬ ಜಾತಿಯೇ ನರ್ಸರಿಗಳಲ್ಲಿ ಹೆಚ್ಚಾಗಿ ಅಜ್ಯೂರಿಯಸ್ ಎಂದು ಮಾರಾಟವಾಗುತ್ತದೆ, ಅದರ ಗಾದಿಗಳಲ್ಲಿ ಬಿಳಿಯ ಕೂದಲಿನ ಕುಚ್ಚು, ಸುತ್ತ ಬಂಗಾರದ ಬಣ್ಣದ ಸೂಜಿಮುಳ್ಳು. ನನ್ನ ಗಿಡದಲ್ಲಿ ಕುಚ್ಚೂ ಇಲ್ಲ, ಬಂಗಾರವೂ ಇಲ್ಲ. ಪ್ರತಿ ಗಾದಿಯ ಸುತ್ತ ಐದಾರು ಗಿಡ್ಡ ಕೆಂಗಂದು ಮುಳ್ಳು, ನಡುವೆ ಒಂದೇ ಒಂದು ಕಪ್ಪು ಮುಳ್ಳು. ಈ ನಡುವಿನ ಮುಳ್ಳನ್ನು ಮಸೂರದ ಕೆಳಗೆ ಹಿಡಿದರೆ ಅದು ಸೂಜಿಯಂತೆ ದುಂಡಗಿಲ್ಲ, ಎರಡೂ ಪಕ್ಕದಿಂದ ಒತ್ತಿದ ಚೂರಿಯ ಅಲಗಿನಂತೆ ಚಪ್ಪಟೆಯಾಗಿದೆ ಎಂಬುದು ಕಾಣುತ್ತದೆ. ಐದು ವರ್ಷ ನಾನು ಇದನ್ನು ನೋಡಿದ್ದೆ. ನೋಡಿಯೂ, ಗಿಡ ಇನ್ನೂ ಎಳೆಯದು, ಕೂದಲು ಮುಂದೆ ಬಂದೀತು ಎಂದು ಸಮಾಧಾನ ಮಾಡಿಕೊಂಡಿದ್ದೆ. ಹೆಸರು ಮೊದಲೇ ಮನಸ್ಸಿನಲ್ಲಿ ಕುಳಿತಿದ್ದರೆ ಕಣ್ಣು ಆ ಹೆಸರಿನ ಪರವಾಗಿಯೇ ವಾದ ಮಾಡುತ್ತದೆ.

ಕೆಲವರು ಸೆರಿಯಸ್ ಇರಬೇಕು ಎಂದರು. ನಮ್ಮ ಊರುಗಳಲ್ಲಿ ಕಂಪೌಂಡಿನ ಪಕ್ಕ ಎರಡಾಳು ಎತ್ತರ ಬೆಳೆದು ಮಳೆಗಾಲದ ರಾತ್ರಿಗಳಲ್ಲಿ ಅಂಗೈಗಿಂತ ದೊಡ್ಡ ಬಿಳಿಯ ಹೂ ಬಿಡುವ ಕಳ್ಳಿ ಅದೇ. ಅದರ ಎಳೆಯ ತುದಿಗಳಿಗೂ ನೀಲಿ ಛಾಯೆ ಇರುತ್ತದೆ. ಆದರೆ ಅದರ ಏಣುಗಳು ತೆಳ್ಳಗೆ, ಆಳವಾಗಿ ಹಾಳೆಯಂತೆ ನಿಂತಿರುತ್ತವೆ. ನನ್ನದರ ಏಣು ಗಿಡ್ಡ, ಮೊಂಡು.

ಇನ್ನೊಂದು ಸುಳಿವು ಮಣ್ಣಿನೊಳಗೆ ಅಡಗಿತ್ತು. 2016ರಲ್ಲಿ ಕುಂಡ ಬದಲಿಸುವಾಗ, ಹಿಂದಿನವರು ಆಳವಾಗಿ ನೆಟ್ಟಿದ್ದ ಬುಡದ ಮಣ್ಣನ್ನು ಕೆದರಿದೆ. ಅಲ್ಲಿ ಹಳೆಯ ಗಿಡ್ಡ ಕಾಂಡವೊಂದನ್ನು ಯಾರೋ ಚಾಕುವಿನಿಂದ ಸಪಾಟಾಗಿ ಕೊಯ್ದಿದ್ದ ಗಾಯ, ಎಂಟಾಣೆಯ ನಾಣ್ಯದಷ್ಟು ಅಗಲ, ನಡುವೆ ಒಂದು ಬಳೆಯಂಥ ಗುರುತು. ಅದರ ಪಕ್ಕದ ಗಾದಿಯಿಂದ ನನ್ನ ಕಂಬ ಮೇಲೆದ್ದಿತ್ತು. ಕಸಿ ಮಾಡಿದ ಕಳ್ಳಿಗಳನ್ನು ನೀವು ಫಲಪುಷ್ಪ ಪ್ರದರ್ಶನಗಳಲ್ಲಿ ಕಂಡಿದ್ದೀರಿ: ಕೆಳಗೊಂದು ಹಸಿರು ಕಂಬ, ಮೇಲೊಂದು ಬಣ್ಣದ ಚೆಂಡು. ಮೇಲಿನ ಚೆಂಡು ಕೆಲವು ವರ್ಷಗಳಲ್ಲಿ ಸಾಯುತ್ತದೆ, ಗಿಡ ಹೋಯಿತೆಂದು ಮನೆಯವರು ಮೂಲೆಗೆ ಎಸೆಯುತ್ತಾರೆ, ಕೆಳಗಿನ ಬುಡಗಿಡ ಮಾತ್ರ ಸಾಯದೆ ಪಕ್ಕದಿಂದ ಚಿಗುರುತ್ತದೆ. ನನ್ನ ಗಿಡ ಅಂಥ ಒಂದು ಬುಡಗಿಡ. ಕಸಿಗೆ ಬುಡವಾಗಿ ಬಳಸುವ ಜಾತಿಗಳು ಬೆರಳೆಣಿಕೆಯವು: ಈಗ ನಮ್ಮ ರೈತರು ಹಣ್ಣಿಗಾಗಿ ಬೆಳೆಯುತ್ತಿರುವ ಡ್ರ್ಯಾಗನ್ ಫ್ರೂಟ್‌ನ ಮೂರು ಏಣಿನ ಬಳ್ಳಿ, ಟ್ರೈಕೋಸೆರಿಯಸ್, ಕೆಲವು ಸೆರಿಯಸ್, ಮತ್ತೆ ಮಿರ್ಟಿಲ್ಲೋಕ್ಯಾಕ್ಟಸ್. ಈ ನಾಲ್ಕು ಹೆಸರನ್ನು ಒಂದು ಕಾಗದದ ಮೇಲೆ ಬರೆದು ಮುಳ್ಳಿನ ಗುರುತಿಗೆ ಹೊಂದಿಸಿದ್ದರೆ ಅಂದೇ ಉತ್ತರ ಸಿಗುತ್ತಿತ್ತು. ನಾನು ಗಾಯಕ್ಕೆ ಮಣ್ಣು ಮುಚ್ಚಿ ಹಳೆಯ ಚೀಟಿಯನ್ನೇ ಮತ್ತೆ ಸಿಕ್ಕಿಸಿದೆ.

ಹೂವಿನ ದಿನ ಹೀಗಿತ್ತು. ಮಾರ್ಚ್ ಮೊದಲ ವಾರದಲ್ಲಿ ಮೇಲ್ಭಾಗದ ಒಂದು ಗಾದಿಯ ಮೇಲೆ ಜೋಳದ ಕಾಳಿನಂಥ ಮೊಗ್ಗು ಕಂಡಿತು. ಮೂರು ದಿನಗಳಲ್ಲಿ ಅದೇ ಗಾದಿಯಲ್ಲಿ ಐದು ಕಾಳು, ಒಂದಕ್ಕೊಂದು ಒತ್ತಿಕೊಂಡು. ಅವು ಅರಳಿದ್ದು ರಾತ್ರಿಯಲ್ಲ, ಹಗಲಿನಲ್ಲಿ. ಹೂ ಒಂದು ಅಂಗುಲದಷ್ಟು, ಹಸಿರು ಬೆರೆತ ಕೆನೆಯ ಬಣ್ಣ, ಅದರ ಮೇಲೆ ಹತ್ತು ಗಂಟೆಗೆಲ್ಲ ಜೇನುನೊಣ. ಪೈಲೋಸೋಸೆರಿಯಸ್ ರಾತ್ರಿ ಅರಳಿ ಬಾವಲಿಗಳನ್ನು ಕರೆಯುವ, ದಪ್ಪ ಕೊಳವೆಯ ಹೂವಿನ ಗಿಡ. ಸೆರಿಯಸ್‌ನಲ್ಲಿ ಗಾದಿಗೆ ಒಂದು ಹೂ. ಒಂದೇ ಗಾದಿಯಿಂದ ಗುಂಪಾಗಿ ಇಷ್ಟು ಚಿಕ್ಕ ಹೂ ಬಿಡುವ ನೀಲಿ ಕಂಬ ಎಂದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಇದು ಮಿರ್ಟಿಲ್ಲೋಕ್ಯಾಕ್ಟಸ್ ಜಿಯೊಮೆಟ್ರೈಸಾನ್ಸ್, ಮೆಕ್ಸಿಕೋದ ಗಿಡ. ಕುಲಕ್ಕೆ ಈ ಹೆಸರನ್ನು ಕೊಟ್ಟವನು ಕನ್ಸೋಲೆ ಎಂಬ ಇಟಲಿಯ ಸಸ್ಯಶಾಸ್ತ್ರಜ್ಞ, 1897ರಲ್ಲಿ. ಯುರೋಪಿನ ಬಿಲ್‌ಬೆರಿ ಎಂಬ ಸಣ್ಣ ನೀಲಿ ಹಣ್ಣನ್ನು ಇದರ ಹಣ್ಣು ಹೋಲುವುದರಿಂದ ಹಾಗೆ ಕರೆದ. ಅವನು ಧಾರವಾಡದವನಾಗಿದ್ದರೆ ಮೇ ತಿಂಗಳಲ್ಲಿ ಬುಟ್ಟಿಯಲ್ಲಿ ಬರುವ ಕವಳಿ ಹಣ್ಣಿನ ಹೆಸರಿಡುತ್ತಿದ್ದ. ಗಾತ್ರವೂ ಆ ಕಪ್ಪು ನೇರಳೆ ಬಣ್ಣವೂ ಹೆಚ್ಚು ಕಡಿಮೆ ಹಾಗೆಯೇ. ಮೆಕ್ಸಿಕೋದಲ್ಲಿ ಅದಕ್ಕೆ ಗರಂಬುಯೊ ಎನ್ನುತ್ತಾರೆ, ಸಂತೆಯಲ್ಲಿ ಮಾರುತ್ತಾರೆ, ಒಣಗಿಸಿ ಒಣದ್ರಾಕ್ಷಿಯಂತೆ ತಿನ್ನುತ್ತಾರೆ. ಅಲ್ಲಿ ಗಿಡ ನಾಲ್ಕೈದು ಮೀಟರ್ ಎತ್ತರವಾಗಿ, ಗಿಡ್ಡ ಬೊಡ್ಡೆಯ ಮೇಲೆ ನೂರಾರು ಟೊಂಗೆಗಳನ್ನು ಗುಡಿಯ ಮುಂದಿನ ದೀಪಮಾಲೆ ಕಂಬದ ಹಾಗೆ ಮೇಲಕ್ಕೆತ್ತಿ ನಿಲ್ಲುತ್ತದೆ.

ಬೆಳೆಸುವ ವಿಚಾರದಲ್ಲಿ ಮೊದಲು ಈ ಗಿಡದ ಉಸಿರಾಟ ತಿಳಿಯಬೇಕು. ಇನ್ನೂರು ವರ್ಷಗಳ ಹಿಂದೆ, ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗ್‌ನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞ ಕಾಡುಬಸಳೆಯ ಎಲೆಯನ್ನು ಹೊತ್ತು ಹೊತ್ತಿಗೆ ಬಾಯಿಗೆ ಹಾಕಿಕೊಂಡು ರುಚಿ ನೋಡಿದ. ಬೆಳಗಿನಲ್ಲಿ ಹುಳಿ, ನಡುಹಗಲಿಗೆ ಸಪ್ಪೆ, ಸಂಜೆಗೆ ತುಸು ಕಹಿ. ಅವನು ಬರೆದ ಪತ್ರ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಗಿದೆ. ಆ ಹುಳಿಯ ಕಾರಣ ಮುಂದಿನ ಶತಮಾನದಲ್ಲಿ ತಿಳಿಯಿತು: ಕಾಡುಬಸಳೆಯಂತೆಯೇ ಕಳ್ಳಿಗಳೂ ನೀರು ಆವಿಯಾಗಿ ಹೋಗದಿರಲೆಂದು ಹಗಲು ತಮ್ಮ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು, ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಮರುದಿನ ಬಿಸಿಲು ಬಂದ ಮೇಲೆ ಬಳಸುತ್ತವೆ. ಆದ್ದರಿಂದ ಈ ಗಿಡಕ್ಕೆ ಹಗಲಿನ ಬಿಸಿಲಿನಷ್ಟೇ ರಾತ್ರಿಯ ತಂಪು ಗಾಳಿಯೂ ಬೇಕು. ಟಿವಿಯ ಪಕ್ಕ ಇಟ್ಟು, ದಿನಕ್ಕೆರಡು ತಾಸು ಕಿಟಕಿಯ ಬಿಸಿಲು ಬೀಳುತ್ತದೆ ಎನ್ನುವವರ ಮನೆಯಲ್ಲಿ ಅದು ಸಾಯುವುದಿಲ್ಲ, ಸೊರಗುತ್ತದೆ.

ಮಣ್ಣಿನ ವಿಚಾರದಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಎರಿ ಮಣ್ಣು ಹತ್ತಿಗೆ, ಹಿಂಗಾರಿ ಜೋಳಕ್ಕೆ ದೇವರು ಕೊಟ್ಟದ್ದು. ಕುಂಡದ ಕಳ್ಳಿಗೆ ಅದೇ ಮೃತ್ಯು. ನೀರು ಕುಡಿದು ಉಬ್ಬಿ ದಿನಗಟ್ಟಲೆ ಹಸಿಯಾಗಿರುತ್ತದೆ, ಒಣಗುವಾಗ ಬಿರಿದು ಎಳೆಯ ಬೇರನ್ನು ಹರಿಯುತ್ತದೆ. ನಾನು ಬಳಸುವುದು ಒಂದು ಪಾಲು ಮಸಾರಿ ಮಣ್ಣು, ಎರಡು ಪಾಲು ದಪ್ಪ ಉಸುಕು, ಒಂದು ಪಾಲು ಇಟ್ಟಂಗಿಯ ಚೂರು, ಮೇಲೊಂದು ಹಿಡಿ ಪೂರ್ತಿ ಕಳಿತ ತಿಪ್ಪೆಗೊಬ್ಬರ. ಈಗ ಸಿಗುವ ಎಂ ಸ್ಯಾಂಡ್ ಆದರೆ ಅದರ ಹಿಟ್ಟನ್ನು ಮೂರು ನೀರಿನಲ್ಲಿ ತೊಳೆದು ತೆಗೆಯಬೇಕು. ಇಲ್ಲವಾದರೆ ಆ ಹಿಟ್ಟು ಕುಂಡದ ತಳದಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ.

ಗರಂಬುಯೊ ಬೆಳೆಯುವ ಮಧ್ಯ ಮೆಕ್ಸಿಕೋದಲ್ಲಿಯೂ ಮಳೆ ಬರುವುದು ಜೂನಿನಿಂದಲೇ, ಚಳಿಗಾಲ ಅಲ್ಲಿಯೂ ಒಣ. ಹಾಗಾಗಿ ಮಳೆಗೆ ಹೆದರಿ ಮಿರಗ ಹುಟ್ಟುವ ಮೊದಲೇ ಗಿಡವನ್ನು ಒಳಗೆ ಸಾಗಿಸಬೇಕಾಗಿಲ್ಲ. ಅದಕ್ಕೆ ಬೆಳೆಯುವ ಕಾಲವೇ ಅದು. ತೊಂದರೆ ಬರುವುದು ಆರಿದ್ರೆಯಿಂದ ಆಶ್ಲೇಷದವರೆಗೆ ಧಾರವಾಡದಲ್ಲಿ ಹಿಡಿಯುವ ಜಿಟಿಜಿಟಿಯಲ್ಲಿ, ವಾರಗಟ್ಟಲೆ ಬಿಸಿಲು ಕಾಣದೆ ಬುಡ ಹಸಿಯಾಗಿಯೇ ಉಳಿದಾಗ. ಗದಗಿನ ಕಡೆಯವರಿಗೆ ಈ ಚಿಂತೆ ಅಷ್ಟಿಲ್ಲ. ನಾನು ಆ ಎರಡು ತಿಂಗಳು ಮೇಲೆ ಪಾರದರ್ಶಕ ಶೀಟಿನ ಮಾಡು ಕಟ್ಟುತ್ತೇನೆ, ನಾಲ್ಕೂ ಕಡೆ ಗಾಳಿಗೆ ಬಿಡುತ್ತೇನೆ. ದೀಪಾವಳಿಯ ನಂತರ ನೀರು ತಿಂಗಳಿಗೊಮ್ಮೆ, ಫೆಬ್ರವರಿಯ ಕೊನೆಯಿಂದ ಮತ್ತೆ ಹೆಚ್ಚು.

ಬಿಸಿಲಿನ ಬಗ್ಗೆ ಹೊರದೇಶದ ಪುಸ್ತಕಗಳನ್ನು ಓದುವವರಿಗೆ ಒಂದು ಎಚ್ಚರಿಕೆ. ದಕ್ಷಿಣಕ್ಕೆ ಮುಖ ಮಾಡಿದ ಪಕ್ಕಕ್ಕೆ ಗುರುತು ಹಾಕಿ, ಕುಂಡ ಬದಲಿಸಿದ ಮೇಲೂ ಅದೇ ಪಕ್ಕವನ್ನು ದಕ್ಷಿಣಕ್ಕೆ ತಿರುಗಿಸಿಡಿ ಎಂದು ಅವರು ಬರೆಯುತ್ತಾರೆ. ಗುರುತು ಹಾಕುವುದು ಸರಿ, ನಾನು ಸೀಮೆಸುಣ್ಣದಿಂದ ಕುಂಡದ ಮೇಲೆ ಹಾಕುತ್ತೇನೆ. ಆದರೆ ಧಾರವಾಡವಿರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರದ ಕಡೆಗೇ ಇರುತ್ತಾನೆ. ಕಂಬದ ಎರಡೂ ಪಕ್ಕ ವರ್ಷದಲ್ಲಿ ಬಿಸಿಲು ಉಣ್ಣುತ್ತವೆ. ನಮಗೆ ಅಪಾಯದ ಕಾಲ ಮಾರ್ಚ್, ಏಪ್ರಿಲ್. ನರ್ಸರಿಯ ಹಸಿರು ಜಾಳಿಗೆಯ ನೆರಳಿನಿಂದ ತಂದ ಗಿಡವನ್ನು ಆಗ ನೇರ ಬಿಸಿಲಿಗಿಟ್ಟರೆ ಒಂದೇ ವಾರದಲ್ಲಿ ಬಿಳಿಚಿ, ಸುಟ್ಟು, ಕಂದು ತೊಗಟೆಯ ಕಲೆ ಶಾಶ್ವತವಾಗಿ ಉಳಿಯುತ್ತದೆ. ಜೂನಿನ ಮೋಡದ ದಿನಗಳಲ್ಲಿ ಹೊರಗಿಟ್ಟು ರೂಢಿ ಮಾಡಿಸುವುದು ಒಳ್ಳೆಯದು.

ಮುಟ್ಟಬೇಡಿ ಎಂದ ಕಾರಣ ಈಗ ಹೇಳುತ್ತೇನೆ. ಈ ನೀಲಿ ಗಿಡದೊಳಗಿನ ಬಣ್ಣವಲ್ಲ, ಹಸಿರು ಚರ್ಮದ ಮೇಲೆ ಗಿಡ ತಾನೇ ಬಳಿದುಕೊಂಡ ಮೇಣದ ಪುಡಿ. ಬೆಳಕನ್ನು ಚದುರಿಸಿ ನೀಲಿಯಾಗಿ ತೋರುತ್ತದೆ, ಬಿಸಿಲಿನ ಬಿರುಸನ್ನೂ ನೀರಿನ ನಷ್ಟವನ್ನೂ ತಡೆಯುತ್ತದೆ. ಕಂಬ ಬೆಳೆಯುವುದು ತುದಿಯಲ್ಲಿ ಮಾತ್ರವಾದ್ದರಿಂದ ಕೆಳಗೆ ಒರೆಸಿಹೋದ ಮೇಣ ಮತ್ತೆ ಮೊದಲಿನಂತೆ ಕೂಡುವುದಿಲ್ಲ. ನನ್ನ ಗಿಡದ ಮೇಲೆ, ನೆಲದಿಂದ ಮೊಳ ಎತ್ತರದಲ್ಲಿ, 2015ರಲ್ಲಿ ಮೊಮ್ಮಗ ಹಿಡಿದ ನಾಲ್ಕು ಬೆರಳಿನ ಗುರುತು ಇಂದಿಗೂ ಹಸಿರಾಗಿ ಉಳಿದಿದೆ. ಅವನು ಈಗ ನನಗಿಂತ ಎತ್ತರವಾಗಿದ್ದಾನೆ, ಬೆರಳಿನ ಗುರುತು ಇದ್ದ ಎತ್ತರದಲ್ಲೇ ಇದೆ. ಇದೇ ಕಾರಣಕ್ಕೆ ಹಿಟ್ಟು ತಿಗಣೆ ಬಿತ್ತೆಂದು ಬೇವಿನ ಎಣ್ಣೆಯನ್ನೋ ಸಾಬೂನು ನೀರನ್ನೋ ಗಿಡಕ್ಕೆಲ್ಲ ಸಿಂಪಡಿಸಬಾರದು. ಹುಳು ಹೋಗುತ್ತದೆ, ಮೇಣವೂ ಹೋಗುತ್ತದೆ. ಚಿತ್ರದ ಸಣ್ಣ ಕುಂಚವನ್ನು ಸ್ಪಿರಿಟ್‌ನಲ್ಲಿ ಅದ್ದಿ ಗಾದಿ ಗಾದಿಗೆ ಮುಟ್ಟಿಸಿ. ಬುಡದಿಂದ ಮೇಲಕ್ಕೆ ಗಟ್ಟಿಯಾದ ಕಂದು ತೊಗಟೆ ಏರುತ್ತಿದ್ದರೆ ಹೆದರಬೇಡಿ, ಅದು ವಯಸ್ಸು. ಕಡ್ಡಿಯಿಂದ ಒತ್ತಿದಾಗ ಮೆತ್ತಗಾದರೆ ಮಾತ್ರ ಅದು ಕೊಳೆ.

ತುಂಡು ಹಚ್ಚುವುದನ್ನು ನಾನು ಸರಿಯಾಗಿ ಕಲಿತದ್ದು ಒಂದು ಅಪಘಾತದಿಂದ. 2014ರ ಮಳೆಗಾಲದಲ್ಲಿ ಮಗಳ ಮನೆಗೆ ಹೋಗುವಾಗ ಗಿಡವನ್ನು ಪಡಸಾಲೆಯೊಳಗೆ ಇಟ್ಟು, ಪಕ್ಕದ ಮನೆಯವರಿಗೆ ನೀರು ಹಾಕಲು ಹೇಳಿ ಹೋದೆ. ಅವರು ಪಾಪ ದಿನಾಲೂ ಹಾಕಿದರು. ನಾಲ್ಕು ತಿಂಗಳಲ್ಲಿ ತುದಿ ಬೆಳಕಿಲ್ಲದೆ ಹೆಬ್ಬೆರಳಿನ ದಪ್ಪಕ್ಕೆ ಬಿಳಿಚಿಕೊಂಡು ಉದ್ದವಾಗಿತ್ತು. ಮತ್ತೆ ಬಿಸಿಲಿಗೆ ಬಂದಾಗ ಅದರ ಮೇಲೆ ಮುಂಗೈ ದಪ್ಪದ ಹೊಸ ಕಂಬ ಎದ್ದಿತು, ಸಣಕಲು ಭಾಗ ನಡುವೆ ಕೊರಳಿನಂತೆ ಉಳಿಯಿತು. 2020ರ ಮೇ ತಿಂಗಳಲ್ಲಿ ಅಡ್ಡಮಳೆಯ ಗಾಳಿ ಅದನ್ನು ಸರಿಯಾಗಿ ಆ ಕೊರಳಿನಲ್ಲಿಯೇ ಮುರಿದು ಹಾಕಿತು. ಗಿಡವನ್ನು ನೆರಳಿಗೆ ಸಾಗಿಸಲೇಬೇಕಾದರೆ ನೀರನ್ನೂ ನಿಲ್ಲಿಸಿ. ಬೆಳಕಿಲ್ಲದಾಗ ಬೆಳೆಯದೆ ಇರುವುದೇ ಅದಕ್ಕೆ ಕ್ಷೇಮ.

ಮುರಿದ ತುಂಡನ್ನು ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಿಂದ ಸಪಾಟಾಗಿ ಕೊಯ್ದು, ಏಣುಗಳ ಅಂಚನ್ನು ಪೆನ್ಸಿಲ್ ಕೆತ್ತಿದಂತೆ ಓರೆಯಾಗಿ ಕೆತ್ತಬೇಕು. ಬೇರು ಒಡೆಯುವುದು ನಡುವಿನ ಬಳೆಯಿಂದ. ಒಣಗುವಾಗ ಮೆತ್ತನೆಯ ತಿರುಳು ಒಳಗೆ ಕುಗ್ಗಿ ಅಂಚುಗಳಷ್ಟೇ ಮುಂದೆ ಚಾಚಿಕೊಂಡರೆ ಆ ಬಳೆ ಮಣ್ಣಿಗೆ ತಾಗುವುದಿಲ್ಲ. ಗಾಯಕ್ಕೆ ಅರಿಷಿಣ ಹಚ್ಚುವವರಿದ್ದಾರೆ, ಹಚ್ಚಿದರೆ ಕೆಡುಕೇನೂ ಇಲ್ಲ, ಆದರೆ ಒಣಗಿಸುವುದು ನೆರಳು ಮತ್ತು ಗಾಳಿ. ಎರಡರಿಂದ ಮೂರು ವಾರ, ಖಾಲಿ ಕುಂಡದಲ್ಲಿ ನಿಲ್ಲಿಸಿ. ಅಡ್ಡ ಮಲಗಿಸಿದರೆ ತುದಿ ಬೆಳಕಿನ ಕಡೆಗೆ ಡೊಂಕಾಗುತ್ತದೆ. ಆಮೇಲೆ ಒಣ ಮಿಶ್ರಣದಲ್ಲಿ ಮೂರು ಬೆರಳು ಆಳಕ್ಕೆ ನೆಟ್ಟು, ಕೋಲಿಗೆ ಕಟ್ಟಿ, ಇನ್ನೂ ಹತ್ತು ದಿನ ಬಿಟ್ಟು ಮೊದಲ ನೀರು. ಬೇರು ಬಂತೇ ಎಂದು ಕಿತ್ತು ನೋಡಬೇಡಿ. ತುದಿಯ ಮುಳ್ಳು ಎಳೆಗೆಂಪಾಗಿ ಹೊಳೆಯತೊಡಗಿದರೆ ಬೇರು ಬಂದಿದೆ.

ಇಂದು ನಿಮಗಾಗಿ ಏಳು ತುಂಡುಗಳನ್ನು ತಂದಿದ್ದೇನೆ, ಎಲ್ಲವೂ ಗಾಯ ಒಣಗಿದವು. ಪ್ರತಿಯೊಂದರ ಚೀಟಿಯ ಮೇಲೆ ಹೆಸರಿನ ಜೊತೆಗೆ ‘ಮಾಳಮಡ್ಡಿ, 2011, ಕಸಿಯ ಬುಡಗಿಡ, ಹೂ ನೋಡಿ ಗುರುತಿಸಿದ್ದು’ ಎಂದು ಬರೆದಿದ್ದೇನೆ. ಹಿಂದೆ ತಪ್ಪು ಹೆಸರಿನಲ್ಲಿ ಕೊಟ್ಟ ಹನ್ನೊಂದು ಮನೆಗಳಲ್ಲಿ ಎರಡು ಕಡೆ ಗಿಡವೇ ಉಳಿದಿಲ್ಲ; ಎಂಟು ಕಡೆ ನಾನೇ ಹೋಗಿ ಚೀಟಿ ಬದಲಿಸಿ ಬಂದೆ. ಹನ್ನೊಂದನೆಯದು ಹಾವೇರಿಯಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿದೆ. ಹೊಸ ಚೀಟಿ ಹಿಡಿದು ಹೋದರೆ ಅವನು ಒಪ್ಪಲಿಲ್ಲ. “ಬಣ್ಣ ನೋಡಿ ಹೆಸರ ಇಡಬಾರದು ಅಂತ ನೀವ ಕಲಿಸೀರಲ್ರಿ ಸರ್. ನಂದೂ ಹೂವಾಗ್ಲಿ, ನೋಡಿ ಆಮ್ಯಾಲೆ ಚೀಟಿ ಬದ್ಲಿ ಮಾಡ್ತೀನ್ರಿ” ಎಂದ. ಅದು ನನ್ನ ಗಿಡದ್ದೇ ತುಂಡು ಎಂದು ಹೇಳಿ ನೋಡಿದೆ. ಹಾಗೆಂದು ಚೀಟಿಯ ಮೇಲೆ ನೀವು ಬರೆದಿಲ್ಲವಲ್ಲ ಎಂದ. ಅವನ ಗಿಡ ಈಗ ಆಳೆತ್ತರವಾಗಿದೆ, ಇನ್ನೂ ಹೂ ಬಿಟ್ಟಿಲ್ಲ.